ಕಾರ್ಡಿನಲ್ಲಿ ಮೂರು ಹೆಸರು

ವಕ್ಕಲೇರಿ
೧೮-೧೦-೨೦೨೦, ಭಾನುವಾರ

ನನ್ನ ಚಂದನಾ,

ನಿನ್ನ ಅತ್ತೆ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ, ಏಳನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಎತ್ತದೆ ಇದ್ದದ್ದು ನಿನ್ನ ತಪ್ಪೇನಲ್ಲ. ಗೌನಿಪಲ್ಲಿಯಲ್ಲಿ ಎಲ್ಲರೂ ಆರೋಗ್ಯವೇ? ನಿಮ್ಮಮ್ಮನ ಮಂಡಿನೋವು ಕಡಿಮೆಯಾಯಿತೇ? ಮಗು ಗಂಗಾಳಿಗೆ ಕೆಮ್ಮು ಬಿಟ್ಟಿತೇ? ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾಳೆ, ನೋಡಿಕೋ. ನಿನ್ನ ಸೊಂಟ ಹೇಗಿದೆ ಎಂದು ಇದುವರೆಗೆ ನಾನು ಕೇಳಿಯೇ ಇಲ್ಲ, ಈಗ ಕೇಳುತ್ತಿದ್ದೇನೆ. ನಾನು ಗಟ್ಟಿಯಾಗಿದ್ದೇನೆ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ.

ನೀನು ಹೋಗಿ ಇಪ್ಪತ್ತೆರಡು ದಿನವಾಯಿತು. ಆ ದಿನದ ವಿಷಯ ನಿನಗೆ ಗೊತ್ತಿದ್ದರೂ ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೆ ಮುಂದೆ ಹೋಗಲು ಬರುವುದಿಲ್ಲ. ಕೊರೊನಾ ಬಂದ ಮೇಲೆ ಛತ್ರಗಳಲ್ಲಿ ಮದುವೆ ನಿಂತು, ಒಬ್ಬಟ್ಟು ತಟ್ಟುವ ಈ ಕೈಗೆ ಕೆಲಸವಿಲ್ಲದಂತಾಯಿತು. ನಮ್ಮಂಥವರಿಗೆ ಪರಿಹಾರದ ದುಡ್ಡು ಬರುತ್ತದೆಂದು ಕೇಳಿ ಅರ್ಜಿ ಹಾಕಿದೆ. ರೇಷನ್ ಕಾರ್ಡಿನಲ್ಲಿ ಹೆಸರಿರುವ ಎಲ್ಲರ ಆದಾಯ ಸೇರಿ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಬಾರದಂತೆ. ಹೋದ ವರ್ಷ ಗಾರ್ಮೆಂಟ್ಸಿನಲ್ಲಿ ನೀನು ದುಡಿದದ್ದಕ್ಕೆ ನನ್ನ ಕೂಲಿ ಸೇರಿಸಿದರೆ ಒಂಬತ್ತು ಸಾವಿರ ಮೇಲೆ ಹೋಯಿತು. ಅರ್ಜಿ ವಾಪಸ್ ಬಂತು. ಆ ಸಂಜೆ ನೀನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, “ನಿನ್ನ ಸಂಬಳದಿಂದ್ಲೇ ನನ್ನ ದುಡ್ಡು ಹೋಯ್ತು. ನೀನಿಲ್ದೆ ಇದ್ದಿದ್ರೆ ನಂಗೆ ಬರ್ತಿತ್ತು” ಎಂದುಬಿಟ್ಟೆ. ಬೆಳಿಗ್ಗೆ ನೀನು ಮಗುವಿನ ಬಟ್ಟೆಯನ್ನು ಚೀಲಕ್ಕೆ ತುಂಬಿಕೊಂಡು, “ಹಂಗಾದ್ರೆ ಬರ್ತೀನಿ ಅತ್ತಮ್ಮ” ಎಂದು ಬಸ್ಸು ಹತ್ತಿದೆ.

ನನ್ನ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಮುಂದಿನ ವಾರ ಮತ್ತೆ ಕಚೇರಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಒಳ್ಳೆಯವಳು, ನನಗೆ ಕುರ್ಚಿ ಕೊಟ್ಟು ಕೂರಿಸಿದಳು. “ಎರಡು ದಾರಿ ಇದೆ ಅಜ್ಜಿ. ಸೊಸೆ ಸಂಬಳ ಈಗ ಕಡಿಮೆಯಾಗಿದ್ರೆ ಫ್ಯಾಕ್ಟರಿಯಿಂದ ಒಂದು ಲೆಟರ್ ತನ್ನಿ, ಮೇಲಕ್ಕೆ ಕಳಿಸಿ ನೋಡೋಣ. ಇಲ್ಲಾಂದ್ರೆ ಅವರ ಹೆಸರು ಕಾರ್ಡಿಂದ ತೆಗೆಸಿ, ನಿಮ್ಮೊಬ್ಬರ ಆದಾಯನೇ ಆದ್ರೆ ದುಡ್ಡು ಬಂದುಬಿಡುತ್ತೆ” ಎಂದಳು. ನಾನು ಹೆಸರು ತೆಗೆಸುವ ಫಾರಂ ಕೇಳಿ ಇಸಿದುಕೊಂಡೆ. ಹೌದು ಕಣೇ, ಇಸಿದುಕೊಂಡೆ. ಮನೆಗೆ ಬಂದು ನಿನ್ನ ಹೆಸರು ಬರೆದೆ, ಆಧಾರ್ ನಂಬರು ಬರೆದೆ. ಕೆಳಗೆ ಕಾರಣ ಕೇಳಿದ್ದರು: ಮರಣವೋ, ಮದುವೆಯೋ, ಬೇರೆ ಊರಿಗೆ ಹೋಗಿದ್ದೋ. ನಾಲ್ಕು ವರ್ಷದ ಹಿಂದೆ ಮುರಳಿಯ ಹೆಸರು ತೆಗೆಸಿದ್ದು ಇಂಥದೇ ಫಾರಂನಲ್ಲಿ. ಹೆತ್ತ ನನ್ನ ಕೈಲಿ ಆಗುವುದಿಲ್ಲವೆಂದು ಆವತ್ತು ಮರಣ ಎನ್ನುವ ಕಡೆ ಗುರುತು ಹಾಕಿದವಳು ನೀನು. ಗಂಡನನ್ನು ಕಳೆದುಕೊಂಡವಳು ನೀನು, ನಾನು ಅತ್ತುಕೊಂಡು ಗೋಡೆಗೆ ಒರಗಿದ್ದೆ. ನಿಮ್ಮಮ್ಮ ಎಷ್ಟು ಕರೆದರೂ ಹೋಗದೆ ನನ್ನ ಜೊತೆ ಉಳಿದೆ. ಅದೆಲ್ಲ ನೆನಪಾಗಿ ಪೆನ್ನು ಮುಂದಕ್ಕೆ ಹೋಗಲಿಲ್ಲ. ಫಾರಂ ಹರಿದು ಒಲೆಗೆ ಹಾಕಿದೆ.

ಇನ್ನೊಂದು ದಾರಿ ಉಳಿದಿತ್ತಲ್ಲ, ಲೆಟರ್ ತರೋಣವೆಂದು ಮಾಲೂರಿನ ನಿನ್ನ ಫ್ಯಾಕ್ಟರಿಗೆ ಹೋದೆ. ಗೇಟಿನಲ್ಲಿ ಕದಿರೇಶ ಎನ್ನುವ ಸೆಕ್ಯೂರಿಟಿಯವನಿದ್ದ. ನಿನ್ನ ಹೆಸರು ಹೇಳಿದೆ. ಅವನು ನನ್ನ ಮುಖವನ್ನೇ ನೋಡಿ, “ಅಮ್ಮಾ, ಆ ಲೈನು ಜೂನಲ್ಲೇ ಮುಚ್ಚಿಬಿಟ್ರಲ್ಲ. ಚಂದನ ಅವ್ರು ಲೆಕ್ಕ ಚುಕ್ತಾ ಮಾಡ್ಕೊಂಡು ಹೋದ್ರು. ನಿಮಗೆ ಗೊತ್ತಿಲ್ವಾ?” ಎಂದ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀನು ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆ, ಏಳನೇ ತಾರೀಖು ಕವರಿನಲ್ಲಿ ಸಂಬಳವೆಂದು ಕೊಡುತ್ತಿದ್ದೆ. ಆ ದುಡ್ಡು ಎಲ್ಲಿಂದ ಬಂತು?

ಆಗ ನಿನ್ನ ಸೀರೆಯ ಕಲೆ ನೆನಪಾಯಿತು. ಎಷ್ಟು ಉಜ್ಜಿದರೂ ಹೋಗದ, ಟೊಮೆಟೊ ತೊಟ್ಟಿನ ಹಸಿರು ಕಲೆ. “ಗಾರ್ಮೆಂಟ್ಸಲ್ಲಿ ಟೊಮೆಟೊ ಹೊಲೀತಾರೇನೇ?” ಎಂದು ಒಮ್ಮೆ ಕುಟುಕಿದ್ದೆ. ಬಸ್ಸಿನಲ್ಲಿ ಯಾರದೋ ಕ್ರೇಟು ತಾಗಿತೆಂದು ನೀನು ನಕ್ಕಿದ್ದೆ. ಮಾರನೇ ದಿನ ಕೋಲಾರದ ಟೊಮೆಟೊ ಮಂಡಿಗೆ ಹೋದೆ. ಕೇಳುತ್ತಾ ಕೇಳುತ್ತಾ ಮುನಿಯಲ್ಲಮ್ಮ ಸಿಕ್ಕರು, ನಿನ್ನ ಪಕ್ಕದಲ್ಲೇ ನಿಂತು ಹಣ್ಣು ಆರಿಸುತ್ತಿದ್ದವರಂತೆ. ನಾನು ಯಾರೆಂದು ತಿಳಿದ ಕೂಡಲೇ ಬಾಯಿಗೆ ಸೆರಗು ಹಿಡಿದರು. “ಅತ್ತಮ್ಮಂಗೆ ಛತ್ರದ ಕೆಲ್ಸ ಹೋಯ್ತು ಅಂತ ಮೊದಲೇ ಕೊರಗು. ನಂದೂ ಹೋಯ್ತು ಅಂದ್ರೆ ತಡ್ಕಳಲ್ಲ, ಯಾರೂ ಹೇಳ್ಬೇಡಿ ಅಂದಿದ್ಳು. ಊಟಕ್ಕೂ ಕೂರ್ತಿರ್ಲಿಲ್ಲ, ಸೊಂಟ ಹಿಡ್ಕಂಡೇ ಇನ್ನೊಂದು ರಾಶಿಗೆ ಹೋಗೋಳು” ಎಂದರು. ನಾನು ಅಲ್ಲಿ ಒಂದು ಗಂಟೆ ನಿಂತು ನೋಡಿದೆ. ಲಾರಿ ಹಿಂದೆ ಲಾರಿ, ಆರಿಸಿ ಮುಗಿಯದ ಹಣ್ಣು, ಕಾಲಡಿಯಲ್ಲಿ ರಸ. ಹೆಚ್ಚು ದುಡಿಯುತ್ತಾಳೆಂದು ಸರ್ಕಾರ ಬರೆದುಕೊಂಡಿರುವ ನನ್ನ ಸೊಸೆ ಮೂರು ತಿಂಗಳು ಅಲ್ಲಿ ನಿಂತಿದ್ದಳು.

ಕದಿರೇಶನೇ ಆಫೀಸಿನವರಿಗೆ ಹೇಳಿ ನೀನು ಕೆಲಸ ಬಿಟ್ಟ ಲೆಟರ್ ಕೊಡಿಸಿದ. ಅದನ್ನು ಕಚೇರಿಯ ಆ ಕಂಪ್ಯೂಟರ್ ಹುಡುಗಿಗೆ ಕೊಟ್ಟೆ. ಓದಿ ಅವಳಿಗೂ ಬೇಜಾರಾಯಿತು. “ಲೆಕ್ಕ ಹೋದ ವರ್ಷದ್ದೇ ಅಜ್ಜಿ. ಈ ವರ್ಷ ಕೆಲಸ ಹೋಗಿದ್ದು ಮುಂದಿನ ವರ್ಷ ಕಾಣ್ಸುತ್ತೆ” ಎಂದಳು. ಈ ವರ್ಷ ಏನು ತಿನ್ನಬೇಕು ಎಂದು ನಾನು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಅರ್ಜಿಯನ್ನು ಮೇಲಕ್ಕೆ ಕಳಿಸಿದ್ದಾಳೆ, ಆದರೆ ಈ ಸಲದ ದುಡ್ಡಿನ ಆಸೆ ಬಿಡಿ ಎಂದೂ ಹೇಳಿದಳು. ಹೆಸರು ತೆಗೆಸಿದರೆ ಈಗಲೂ ಆಗುತ್ತದೆ ಎಂದಳು. “ಮೂರು ಹೆಸರೂ ಇರ್ಲಿ ಕಣಮ್ಮ” ಎಂದು ಎದ್ದು ಬಂದೆ. ಹೊಟ್ಟೆಪಾಡಿಗೆ ಯೋಚಿಸಬೇಡ. ಮುನಿಯಲ್ಲಮ್ಮ ಹೇಳಿದ ಮೇಲೆ ಮಂಡಿಯವರು ನನ್ನನ್ನೂ ಸೇರಿಸಿಕೊಂಡಿದ್ದಾರೆ. ಒಬ್ಬಟ್ಟಿನ ಕೈಗೆ ಟೊಮೆಟೊ ಏನು ಮಹಾ. ಕಾಯಿ, ದೋರೆ, ಹಣ್ಣು ಎಂದು ಬೇರೆ ಮಾಡುವುದು ಎರಡೇ ದಿನಕ್ಕೆ ಬಂತು.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಗಂಗಾಳ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ನೀನು ನೂರು ಕಾಲ ಚೆನ್ನಾಗಿರಬೇಕು, ಇದು ಬಾಯಿಮಾತಿನ ಹಾರೈಕೆಯಲ್ಲ.

ನಿನ್ನ ಅತ್ತಮ್ಮ
ವೆಂಕಟರತ್ನಮ್ಮ

ತಾ.ಕ.: ಪೋಸ್ಟಿಗೆ ಹಾಕಲು ಹೊರಟವಳು ಮತ್ತೆ ಒಳಗೆ ಬಂದೆ. ಇಷ್ಟೆಲ್ಲ ಬರೆದು, ಬರೆಯಬೇಕಾದ್ದನ್ನೇ ಬಿಟ್ಟಿದ್ದೇನೆ. ತಪ್ಪಾಯ್ತು ಚಂದನಾ. ಇದನ್ನು ಕಾಗದದಲ್ಲಿ ಹೇಳಿ ತಪ್ಪಿಸಿಕೊಳ್ಳುವುದೂ ಸರಿಯಲ್ಲ. ಶುಕ್ರವಾರ ಬೆಳಿಗ್ಗೆ ಶ್ರೀನಿವಾಸಪುರದ ಮೇಲೆ ಗೌನಿಪಲ್ಲಿಗೆ ಬರುತ್ತೇನೆ, ನಿಮ್ಮಮ್ಮನ ಎದುರಿಗೇ ಹೇಳುತ್ತೇನೆ. ಕರೆದುಕೊಂಡೇ ಹೋಗುತ್ತೇನೆಂಬ ಹಟವಿಲ್ಲ. ನಿನಗೆ ಬರಲು ಮನಸ್ಸಿಲ್ಲದಿದ್ದರೆ ಒಂದು ಲೋಟ ಕಾಫಿ ಕೊಡು, ಕುಡಿದು ಸಂಜೆ ಬಸ್ಸಿಗೆ ವಾಪಸ್ ಬರುತ್ತೇನೆ. ಬಾಗಿಲು ಮಾತ್ರ ತೆಗೆ.