ಬಾಗಿಲು ತೆರೆದವನ ಕಥೆಗೆ ನಾನು ಸೇರಿಸಿದ ಎರಡು ಮಾತು

ಅತ್ತೆ,

‘ತೀರ್ಥರೂಪ ಸಮಾನರಾದ’ ಎಂದು ಬರೆದು ಹೊಡೆದುಹಾಕಿದೆ. ನನ್ನ ಉಡುಪಿ ಕಡೆಯ ಕನ್ನಡ ಕೇಳಿಯೇ “ಏನವಾ, ಪಾಠದ ಪುಸ್ತಕ ಓದಿದಂಗ ಮಾತಾಡ್ತಿ” ಎಂದು ನಗುತ್ತಿದ್ದವರು ನೀವು. ಈ ಪತ್ರವನ್ನು ಮೂರು ಸಲ ಶುರುಮಾಡಿದ್ದೇನೆ. ಒಮ್ಮೆ ಘಣಸೋಲಿಯ ಆಫೀಸಿನಲ್ಲಿ, ಒಮ್ಮೆ ಠಾಣೆ ರೈಲು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ನಿಂತುಕೊಂಡೇ. ಇವತ್ತು ಡೊಂಬಿವಲಿಯಲ್ಲಿ ಗಾಡಿ ಹತ್ತಿದ ಕೂಡಲೇ ಕೂರಲು ಜಾಗ ಸಿಕ್ಕಿತು. ಬೆಳಗಿನ ಹೊತ್ತು ಅಂಥದ್ದೊಂದು ಆಗುತ್ತದೆ ಎಂದರೆ ನೀವೇ ಮೇಲಿನಿಂದ ಸೀಟು ಹಿಡಿದು ಕೊಟ್ಟಿರಬೇಕು. ಹಾಗಾಗಿ ಬರೆಯುತ್ತಿದ್ದೇನೆ. ನಿಮಗೆ ಹೇಳಿದ ಒಂದು ಸುಳ್ಳಿದೆ. ಅದನ್ನು ಒಪ್ಪಿಕೊಳ್ಳದೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನಿಮ್ಮ ಕಣ್ಣು ಮಸುಕಾದ ವರ್ಷ ನೆನಪಿದೆಯೇ? ಕನ್ನಡ ಸಂಘದ ಲೈಬ್ರರಿಯ ಕಪಾಟು ಪೂರ್ತಿ ಮುಗಿಸಿ ಎರಡನೇ ಸುತ್ತು ಹೊರಟಿದ್ದಿರಿ. ಅಕ್ಷರ ಕಾಣದಂತಾದಾಗ ನಿಮಗೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಎಲ್ಲರ ಮೇಲೂ ಹರಿಹಾಯುತ್ತಿದ್ದಿರಿ. ಒಂದು ಸಂಜೆ ನಾನು ಬ್ಯಾಗಿನಿಂದ ಆ ಕರಿಯ ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಾಗ ಆದ ಸದ್ದಿಗೆ ತಲೆ ಎತ್ತಿದಿರಿ.

“ಅದೇನ ದಿನಾ ಇಟ್ಟಂಗಿ ಹೊತ್ಕೊಂಡ್ ತಿರಗ್ತಿ?”

“ಇಂಗ್ಲಿಷ್ ಕಥೆ ಅತ್ತೆ. ಮಾಟ, ನೆರಳಿನ ಸೈನ್ಯ, ಯುದ್ಧ. ಐದು ಭಾಗ ಅಂತೆ, ನಾಲ್ಕು ಬಂದಿದೆ. ಒಳ್ಳೆ ಜನ ಅಂತ ಒಬ್ರೂ ಇಲ್ಲ ಇದ್ರಲ್ಲಿ.”

“ಹಂಗಾರ ನಮ್ಮ ಓಣಿ ಕಥೀನ ಅದು. ಹೇಳು.”

ಮೊದಲ ಸಂಜೆಯೇ ನನಗೆ ನಿಮ್ಮ ಕಾನೂನು ಗೊತ್ತಾಯಿತು. ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಿ ಮುಗಿಸಿ, ಕೋಟೆಯ ಮೆಟ್ಟಿಲ ಮೇಲೆ ಹೆಣಗಳು ಬಿದ್ದಲ್ಲಿಗೆ ಪುಸ್ತಕ ಮುಚ್ಚಿದೆ. ನೀವು ನನ್ನ ಸೆರಗು ಹಿಡಿದು ಕೂರಿಸಿದಿರಿ. “ಹೆಣಾ ಬಿದ್ದಲ್ಲೇ ಕಥೀ ನಿಲ್ಲಸ್ತಾರೇನವಾ? ನಮ್ಮಪ್ಪ ಗದಗಿನ್ಯಾಗ ಪುರಾಣ ಹೇಳೂಮುಂದ ಒಂದ್ ಒಳ್ಳೇ ಮಾತಿಗೆ ತಂದ ನಿಲ್ಲಸ್ತಿದ್ದ. ಇಲ್ಲಾಂದ್ರ ಕೇಳಿದವರ ಮನೀಗೆ ಛಲೋ ಅಲ್ಲ.” ಪುರಾಣಕ್ಕೆ ಸರಿ, ಈ ರಕ್ತದ ಓಕುಳಿಗೂ ಅದೇ ನಿಯಮವೇ? ಅದೇ ನಿಯಮ. ಒಳ್ಳೆಯ ಮಾತಿಗೆ ನಿಲ್ಲಿಸಬೇಕು, ಆಮೇಲೆ ಇಬ್ಬರ ಅಂಗೈಗೂ ಒಂದು ಚಿಟಿಕೆ ಸಕ್ಕರೆ. ನಾನು ಏನು ಮಾಡಲಿ? ಆ ಪುಸ್ತಕದಲ್ಲಿ ಮುನ್ನೂರು ಪುಟ ಹುಡುಕಿದರೂ ಒಂದು ಶುಭ ಸಮಾಚಾರ ಇರಲಿಲ್ಲ. ಹಾಗಾಗಿ ನಾನೇ ಸೇರಿಸತೊಡಗಿದೆ. ಕಳೆದುಹೋದ ಕುದುರೆ ಮರಳಿ ಬಂತು ಅತ್ತೆ, ಮಳೆ ಬಂತು ಅತ್ತೆ, ಅಡುಗೆಯವಳಿಗೆ ಗಂಡು ಮಗು ಆಯ್ತು ಅತ್ತೆ. ಲೇಖಕ ಕೊಂದವರ ಲೆಕ್ಕಕ್ಕೆ ಸರಿಯಾಗಿ ನಾನು ಬಾಣಂತನ ಮಾಡಿಸಿದೆ.

ಆ ಕಥೆಯ ಜನರನ್ನು ನೀವು ಓಣಿಯವರ ಹಾಗೆ ಒಬ್ಬೊಬ್ಬರನ್ನೇ ಜಾಲಾಡುತ್ತಿದ್ದುದು ನನ್ನ ಕಿವಿಯಲ್ಲಿ ಇನ್ನೂ ಇದೆ. ನೆರಳು ಸಾಕಲು ಮಕ್ಕಳ ನೆನಪುಗಳನ್ನೇ ತಿನ್ನಿಸುವ ರಾಣಿಯ ಬಗ್ಗೆ, “ಆಕಿಗೂ ಯಾರ ಏನ್ ಮಾಡಿದ್ರೋ” ಎಂದಿದ್ದಿರಿ. ಆದರೆ ನಿಮ್ಮ ಜೀವ ಅಂಟಿಕೊಂಡದ್ದು ಕಾವಲುಗಾರ ವೆಸ್ಕರ್‌ಗೆ. ಆ ಹೆಸರು ನಿಮ್ಮ ಬಾಯಿಗೆ ಹತ್ತದೆ ‘ಬಾಗಲದಾಂವ’ ಆಯಿತು. ತನ್ನ ಜೀವ ಉಳಿಯಲಿ ಎಂದು ಕೋಟೆಯ ಹಿಂಬಾಗಿಲನ್ನು ಶತ್ರುಗಳಿಗೆ ತೆರೆದವನು. ಮೆಟ್ಟಿಲ ಮೇಲೆ ಸತ್ತವರಲ್ಲಿ ಅವನ ಅಣ್ಣನೂ ಇದ್ದ. ಆಮೇಲೆ ಮೂರು ಭಾಗಗಳ ಉದ್ದಕ್ಕೂ ಅತ್ತಿಗೆಯನ್ನು ಕಣ್ಣರೆಪ್ಪೆಯಂತೆ ಕಾಯುತ್ತಾನೆ, ಆಕೆ ಅವನನ್ನು ದೇವರೆನ್ನುತ್ತಾಳೆ, ಅವನು ಬಾಯಿ ಬಿಡುವುದಿಲ್ಲ. ಬಾಗಿಲು ತೆರೆದವನು ಲಾಯದ ಆಳು ಎಂದು ಊರವರು ಆ ಬಡಪಾಯಿಯನ್ನು ಗಲ್ಲಿಗೇರಿಸುತ್ತಾರೆ, ಆಗಲೂ ಬಿಡುವುದಿಲ್ಲ. ಆ ಸಂಜೆ ನೀವು ಯಾರನ್ನೂ ಜಾಲಾಡದೆ ಸಕ್ಕರೆ ಬಾಯಿಗೆ ಹಾಕಿಕೊಂಡು ಒಳಗೆ ಹೋದಿರಿ. ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ನಾಲ್ಕನೇ ಭಾಗ, ನದೀ ದಂಡೆ. ಅತ್ತಿಗೆ ಅವನನ್ನು ಕೇಳುತ್ತಾಳೆ, ಬಾಗಿಲು ತೆರೆದವನು ನಿಜಕ್ಕೂ ಆ ಲಾಯದ ಆಳೇನಾ, ನಿನಗೇನಾದರೂ ಗೊತ್ತೇ? ಅಷ್ಟರಲ್ಲಿ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು, ಫೋನ್ ಬಡಿದುಕೊಳ್ಳುತ್ತಿತ್ತು, ನೀವು ಸಕ್ಕರೆ ಡಬ್ಬಿ ಹಿಡಿದು ಕಾಯುತ್ತಿದ್ದಿರಿ. ಬೇಗ ಮುಗಿಸಿ ಏಳಬೇಕಿತ್ತು ನನಗೆ, ಅಷ್ಟೇ ಅತ್ತೆ. “ಅವನು ಅವಳ ಕಾಲಿಗೆ ಬಿದ್ದು, ನಾನೇ ತೆಗೆದೆ ಅಂದ. ಅವಳು, ಏಳು, ಊಟ ಮಾಡು ಅಂದಳು.” ಎರಡೇ ಎರಡು ಮಾತು. ಎದ್ದು ಕುಕ್ಕರಿನತ್ತ ಓಡಿದೆ.

ಹಿಂದಿರುಗಿ ಬಂದಾಗ ಸಕ್ಕರೆ ನಿಮ್ಮ ಅಂಗೈಯಲ್ಲಿ ಹಾಗೇ ಇತ್ತು.

“ತಾನ ಹೇಳಿದ್ನ? ಯಾರೂ ಹಿಡೀದ?”

“ಹೂಂ ಅತ್ತೆ.”

“ಆಕಿ ಊಟಾ ಮಾಡು ಅಂದ್ಲಾ?”

“ಹೂಂ.”

ಮುಂದಿನ ಭಾನುವಾರ ನೀವು ಹಟ ಹಿಡಿದು ಬದಲಾಪುರಕ್ಕೆ ಹೊರಟಿರಿ, ನಿಮ್ಮ ತಂಗಿ ಶಾಂತಾ ಮೌಶಿಯ ಮನೆಗೆ. ಬುತ್ತಿ ನೀವೇ ಕಟ್ಟಿದಿರಿ, ಕಣ್ಣು ಕಾಣದಿದ್ದರೂ ರೊಟ್ಟಿ ನೀವೇ ತಟ್ಟಿದಿರಿ. ಮೌಶಿ ನಮ್ಮ ಮುಂದೆ ತಾಟು ಇಟ್ಟರು. ನೀವು ಕೈ ಹಚ್ಚಲಿಲ್ಲ. “ಶಾಂತಾ, ಒಂದ್ ಕಥೀ ಕೇಳೀನಿ” ಎಂದು ಬಾಗಲದಾಂವನ ಕಥೆ ಹೇಳಿದಿರಿ. ಆಮೇಲೆ ಅದೇ ಉಸಿರಿನಲ್ಲಿ ನಿಮ್ಮದನ್ನು ಹೇಳಿದಿರಿ. ಕಳವಾ ಊರಿನಲ್ಲಿ ಒಂದೇ ಖೋಲಿಯ ಮನೆಯಲ್ಲಿದ್ದ ದಿನಗಳು. ನಿಮಗೆ ಶಾಲೆಯಲ್ಲಿ ಹೊಸ ನೌಕರಿ, ಕೂಸನ್ನು ನೋಡಿಕೊಳ್ಳಲು ತಂಗಿ. ಆ ತಂಗಿಗೆ ಹುಬ್ಬಳ್ಳಿ ಕಡೆಯ ಸಂಬಂಧ ಬಂದು ಎಲ್ಲ ಒಪ್ಪಿಗೆಯಾಗಿತ್ತು. ಆಕೆ ಹೋದರೆ ಕೂಸಿಗೆ ಯಾರು? ಗಂಡಿನ ಸೋದರತ್ತೆಯ ಕಿವಿಯಲ್ಲಿ ನೀವು ಒಂದು ಮಾತು ಹಾಕಿದಿರಿ, “ನಮ್ಮ ಶಾಂತಾಗ ಆಗಾಗ ಫಿಟ್ಸ್ ಬರ್ತಾವ.” ಅವರು ಮತ್ತೆ ಬರಲಿಲ್ಲ. ಆ ಮಾತು ಬಾಯಿಂದ ಬಾಯಿಗೆ ಹೋಗಿ ಮುಂದೆ ಯಾರೂ ಬರಲಿಲ್ಲ. ಮೌಶಿ ಅಂಬರನಾಥದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಲೇ ಮುದುಕಿಯಾದರು. ಆ ಮಾತು ಹಬ್ಬಿಸಿದವಳು ಪಕ್ಕದ ಖೋಲಿಯ ಗೆಳತಿ ಕಮಲಾ ಎಂದೇ ಅವರು ನಂಬಿದ್ದರು.

ಮೌಶಿ ಅಳುತ್ತಾರೆ, ಬೈಯುತ್ತಾರೆ ಎಂದು ನಾನು ಕಾದೆ. ಅವರು ಹೇಳಿದ್ದು ಇಷ್ಟೇ, “ಕಮಲಾನ ಜೋಡಿ ನಲವತ್ತು ವರ್ಷ ಮಾತ ಬಿಟ್ಟಿದ್ನಲ್ಲಕ್ಕಾ.” ಎದ್ದರು. ನಮ್ಮ ಮುಂದಿನ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದರು, ಹೊರಗೆ ಬರಲಿಲ್ಲ. ಮರಳುವ ಗಾಡಿಯಲ್ಲಿ ಕಲ್ಯಾಣ ಸ್ಟೇಷನ್ ಬರುವವರೆಗೂ ನೀವು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಿರಿ. ಆಮೇಲೆ ಮಗುವಿನ ಹಾಗೆ ನನ್ನ ಕೈ ಹಿಡಿದು, “ಆಕಿ ಊಟಾ ಮಾಡು ಅನ್ನಲಿಲ್ಲ ನೋಡವಾ” ಎಂದಿರಿ. ಆ ಕ್ಷಣವೇ ಹೇಳಬೇಕಿತ್ತು. ಅತ್ತೆ, ಅದು ಪುಸ್ತಕದಲ್ಲಿಲ್ಲ, ಪುಸ್ತಕದಲ್ಲಿ ಅವನು ‘ಗೊತ್ತಿಲ್ಲ’ ಅಂದ, ಅಷ್ಟೇ, ನಾನು ಕುಕ್ಕರ್ ಗಡಿಬಿಡಿಯಲ್ಲಿ... ಆದರೆ ನನಗೆ ಬಾಯಿ ಬರಲಿಲ್ಲ. ಹೇಳಿದರೆ ನೀವು ನನ್ನ ಕೈ ಬಿಟ್ಟುಬಿಡುತ್ತೀರಿ ಎಂದು ಹೆದರಿದೆ. ನಾನೂ ಬಾಗಿಲದವಳೇ ಆದೆ.

ಆಸ್ಪತ್ರೆಯಲ್ಲಿ ಕೊನೆಯ ವಾರ ನೀವು ಎರಡೇ ವಿಷಯ ಕೇಳುತ್ತಿದ್ದಿರಿ. “ಶಾಂತಾ ಫೋನ್ ಮಾಡಿದ್ಲಾ?” ಮತ್ತು “ಬಾಗಲದಾಂವಂದ್ ಮುಂದೇನಾತು?” ಎರಡಕ್ಕೂ ನನ್ನ ಉತ್ತರ ಒಂದೇ ಆಗಿತ್ತು, ಇನ್ನೂ ಬಂದಿಲ್ಲ ಅತ್ತೆ. ಐದನೇ ಭಾಗ ಬಂದಿರಲಿಲ್ಲ. ಮೌಶಿಯ ಫೋನೂ ಬಂದಿರಲಿಲ್ಲ. ನಿಮ್ಮನ್ನು ಎತ್ತುವ ದಿನ ಅವರು ಬಂದರು. ಬಾಗಿಲ ಬಳಿ ನಿಂತು ನೋಡಿ, ಹೆಣ ಎತ್ತುವ ಮೊದಲೇ ಹೋಗಿಬಿಟ್ಟರು. ಅವತ್ತಿನಿಂದ ನನಗೆ ಒಂದೇ ಯೋಚನೆ. ನಾನು ಆ ಎರಡು ಮಾತು ಸೇರಿಸದಿದ್ದರೆ ನೀವು ತಂಗಿಯನ್ನು ಕಳೆದುಕೊಳ್ಳದೆ ಸಾಯುತ್ತಿದ್ದಿರಲ್ಲವೇ?

ಒಂದು ತಿಂಗಳಾದ ಮೇಲೆ, ನಾನು ಠಾಣೆಯಲ್ಲಿ ಗಾಡಿ ಬದಲಿಸುವಾಗ ಫೋನ್ ಬಂತು. ಸುತ್ತ ನೂಕುನುಗ್ಗಲು, ಮೌಶಿಯ ಧ್ವನಿ ಗುರುತೇ ಸಿಗಲಿಲ್ಲ. “ನಮ್ಮಕ್ಕ ಬಾಗಲಾ ತಗದಾಂವನ ಕಥೀ ಹೇಳಿದ್ಲಲ್ಲ, ಆ ಪುಸ್ತಕ ನಿನ್ನ ಹಂತ್ಯಾಕ ಐತೇನ? ತಗೊಂಡ್ ಬಾ. ಮೊದಲಿಂದ ಹೇಳು. ಏನೂ ಬಿಡಬ್ಯಾಡ.” ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ನಾನು ಬದಲಾಪುರಕ್ಕೆ ಇಟ್ಟಂಗಿ ಹೊರುತ್ತಿದ್ದೇನೆ. ಮೊದಲ ದಿನ ಹಳೇ ಚಾಳಿಯಂತೆ ಕೊನೆಗೆ ಕುದುರೆಯನ್ನು ಮರಳಿ ಕರೆತಂದೆ. ಮೌಶಿ ತಲೆ ಎತ್ತಿದರು. “ಇದ ಪುಸ್ತಕದಾಗ ಐತೇನು?” ಇಲ್ಲ ಎಂದೆ. “ಹಂಗಾರ ಬ್ಯಾಡ.” ಅಲ್ಲಿಂದ ಮುಂದೆ ಹೆಣ ಬಿದ್ದರೆ ಬಿದ್ದಲ್ಲಿಗೇ ನಿಲ್ಲಿಸಿದೆವು. ಸಕ್ಕರೆಯೂ ಇಲ್ಲ. ನಿಮ್ಮ ಅಪ್ಪನ ಶಾಸ್ತ್ರ ನಿಮ್ಮ ತಂಗಿಗೆ ಬೇಡವಾಗಿದೆ.

ನದೀ ದಂಡೆಯ ಅಧ್ಯಾಯ ಬಂದ ಶನಿವಾರ ಪುಸ್ತಕ ತೆರೆದು ಮೌಶಿಯ ಎದುರು ಕೂತೆ. ಇದ್ದದ್ದು ಇದ್ದ ಹಾಗೇ ಹೇಳಿದೆ. ಅತ್ತಿಗೆ ಕೇಳಿದಳು, ಅವನು ‘ಗೊತ್ತಿಲ್ಲ’ ಅಂದ, ಕೈಯಲ್ಲಿದ್ದ ಹಣ್ಣಿನ ಸಿಪ್ಪೆ ಸುಲಿಯುತ್ತ ಕೂತ. ಮೌಶಿ ಮೆಂತ್ಯದ ಎಲೆ ಬಿಡಿಸುತ್ತಿದ್ದರು.

“ಮುಂದ?”

“ಇಷ್ಟೇ ಮೌಶಿ.”

“ನಮ್ಮಕ್ಕ ಬ್ಯಾರೆ ಹೇಳಿದ್ಲು.”

“ಅದು ನಾನು ಸೇರಿಸಿದ್ದು. ಅವನು ಒಪ್ಪಿಕೊಂಡದ್ದು, ಅವಳು ಊಟ ಮಾಡು ಅಂದದ್ದು, ಎರಡೂ ನಂದೇ ಸುಳ್ಳು. ಅತ್ತೆ ಅದನ್ನು ನಂಬಿ ನಿಮ್ಮಲ್ಲಿಗೆ ಬಂದ್ರು. ತಪ್ಪು ನಂದು.”

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಡ್ಡಿಗಳನ್ನೆಲ್ಲ ಒಂದು ಕಡೆ ಸರಿಸಿದ ಮೇಲೆ ಹೇಳಿದರು, “ನಾಲ್ಕ್ ಪುಸ್ತಕ ಆದ್ರೂ ಅಂವಾ ಬಾಯಿ ಬಿಟ್ಟಿಲ್ಲ. ನಮ್ಮಕ್ಕ ಬಿಟ್ಟಾಳ.” ಆಮೇಲೆ, ನನಗಲ್ಲ, ಮೆಂತ್ಯದ ಬುಟ್ಟಿಗೆ ಹೇಳಿದ ಹಾಗೆ, “ನಾ ಅವತ್ತ ತಾಟ ತಗದಿದ್ದು ತಪ್ಪಾತು.” ನಾನು ಅವರ ಮುಂದೆಯೇ ಅತ್ತುಬಿಟ್ಟೆ. ನೀವು ನನ್ನ ಸುಳ್ಳಿನಿಂದ ತಂಗಿಯ ಮನೆಗೆ ಹೋಗಿದ್ದಿರೋ, ಅಥವಾ ನಲವತ್ತು ವರ್ಷದಿಂದ ಹೋಗಲು ಒಂದು ನೆಪ ಕಾಯುತ್ತಿದ್ದಿರೋ? ನನಗಂತೂ ಗೊತ್ತಾಗುತ್ತಿಲ್ಲ. ನಿಮಗಾದರೂ ಗೊತ್ತಿತ್ತೇ?

ಇನ್ನು ನಿನ್ನೆಯ ಸುದ್ದಿ. ನಿನ್ನೆ ನಿಮ್ಮ ವರ್ಷದ ಎಡೆ ಇಟ್ಟೆವು. ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹೋಳಿಗೆ ಮಾಡಿದ್ದೆ. ಹೋಳಿಗೆ ಹರಿದುಹೋಯಿತು, ಆಡಿಕೊಳ್ಳಬೇಡಿ. ಹನ್ನೊಂದು ಗಂಟೆಗೆ ಬಾಗಿಲು ಬಡಿದವರು ಮೌಶಿ. ಕರೆದಿದ್ದೆ, ಬರುತ್ತೇನೆ ಎಂದಿರಲಿಲ್ಲ. ಡಬ್ಬಿಯಲ್ಲಿ ತಾವೇ ತಟ್ಟಿದ ರೊಟ್ಟಿ ತಂದಿದ್ದರು. ಎಲ್ಲರೂ ನಮಸ್ಕಾರ ಮಾಡಿ ಹೊರಬಂದೆವು. ಇನ್ನು ಹಿರಿಯರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಬೇಕು. ಮೌಶಿ ಮಾತ್ರ ಒಳಗೇ ನಿಂತರು. ಎಲೆಯ ಮೇಲೆ ತಮ್ಮ ರೊಟ್ಟಿ ಇಟ್ಟು ನಿಮ್ಮ ಫೋಟೋ ಎದುರು ಹೇಳಿದ್ದು ನನಗೆ ಕೇಳಿಸಿತು.

“ಸಿಟ್ಟು ಇನ್ನೂ ಹೋಗಿಲ್ಲಕ್ಕಾ. ಏಳು, ಊಟಾ ಮಾಡು.”

ಹೊರಗೆ ಬಂದು, ಬಾಗಿಲನ್ನು ತಾವೇ ಎಳೆದುಕೊಂಡರು.

ಐದನೇ ಭಾಗ ಕಳೆದ ವಾರ ಬಂದಿದೆ. ಇನ್ನೂ ತೆರೆದಿಲ್ಲ. ಶನಿವಾರ ಬದಲಾಪುರದಲ್ಲಿ ತೆರೆಯುತ್ತೇನೆ, ಮೌಶಿಯ ಎದುರು. ಅವನು ಬಾಯಿ ಬಿಟ್ಟರೂ ಬಿಡದಿದ್ದರೂ ಇದ್ದದ್ದನ್ನೇ ನಿಮಗೂ ಹೇಳುತ್ತೇನೆ, ಈ ಸಲ ಒಂದು ಕುದುರೆಯನ್ನೂ ಸೇರಿಸುವುದಿಲ್ಲ. ಠಾಣೆ ಬಂತು, ಇಳಿಯಬೇಕು. ಒಂದೇ ಕೇಳುವುದಿತ್ತು.

ಊಟ ಆಯಿತೇ, ಅತ್ತೆ?

ನಿಮ್ಮ ಸೊಸೆ
ವಿದ್ಯಾ