ಮುಂದಿನ ಎಡಚಕ್ರ

ಚಿಕ್ಕಪ್ಪನವರಿಗೆ ನಮಸ್ಕಾರ.

ಫೋನಿನಲ್ಲಿ ಕೇಳಿದರೆ ಮಾತು ತೇಲಿಸಿಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಹಳೇ ರೇಸ್ ಕಾರಿನ ಸಸ್ಪೆನ್ಷನ್ ಕೆಲಸ ಮುಕ್ಕಾಲು ಮುಗಿಯಿತು. ಬೇರಿಂಗ್ ಕೂರುವ ಹೌಸಿಂಗ್‌ಗಳು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಮೂರನ್ನು ಲೇತಿನಲ್ಲಿ ಕೊರೆದು, ಸಡಿಲ ಉಳಿಯದಂತೆ ಹೊಸ ಬುಷ್ ಕೂರಿಸಿದೆ.

ನಾಲ್ಕನೆಯದು ಮುಂದಿನ ಎಡಚಕ್ರದ್ದು. "ಅದನ್ನ ಬಿಚ್ಚೋಕೆ ಹೋಗ್ಬೇಡ, ಬರೀ ಬಣ್ಣ ಹೊಡಿ ಸಾಕು" ಎಂದು ನೀವು ಎರಡು ಸಲ ಹೇಳಿದಿರಿ. ಒಂದೇ ಸಲ ಹೇಳಿದ್ದರೆ ಬಿಚ್ಚುತ್ತಿರಲಿಲ್ಲವೇನೋ. ಒಳಗೆ ಬೇರಿಂಗಿನ ಸುತ್ತ ಡಬ್ಬದ ತಗಡು ಕತ್ತರಿಸಿ ತುರುಕಿದ್ದಾರೆ. ಹೌಸಿಂಗ್ ಸಡಿಲವಾಗಿದೆ ಎಂದು ಗೊತ್ತಿದ್ದವರೇ ಮಾಡಿದ ಕೆಲಸ. ವೇಗದಲ್ಲಿ ಆ ತಗಡು ಜಾರಿದರೆ ಚಕ್ರ ಹಿಡಿತಕ್ಕೆ ಸಿಗುವುದಿಲ್ಲ ಎಂದು ನಿಮಗೆ ಹೇಳಬೇಕಿಲ್ಲ. ಕೊನೆಯ ರೇಸಿನ ಹಿಂದಿನ ದಿನ ಆ ಚಕ್ರ ಜೋಡಿಸಿದ್ದು ನೀವೊಬ್ಬರೇ ಎಂದು ಅಮ್ಮ ಹೇಳುತ್ತಾಳೆ.

ಮರುದಿನ ಕಾರು ಮಗುಚಿ ಕಾಲು ಕಳೆದುಕೊಂಡ ಅಪ್ಪ ಇಪ್ಪತ್ತಾರು ವರ್ಷದಿಂದ ಒಂದೇ ಮಾತು ಹೇಳುತ್ತಾರೆ: "ಗಾಡಿ ಸರಿಯಾಗೇ ಇತ್ತು ಕಣಮ್ಮ, ನನ್ನ ಕೈಯೇ ತಪ್ಪಿದ್ದು." ನೀವು ಪಕ್ಕದಲ್ಲೇ ಕೂತು ಹೂಂಗುಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ತಗಡನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅಪ್ಪನಿಗೆ ಇನ್ನೂ ತೋರಿಸಿಲ್ಲ. ಭಾನುವಾರ ಬಂದು ನೀವೇ ತೋರಿಸಿ. ಬಾರದಿದ್ದರೆ ಸೋಮವಾರ ನಾನು ತೋರಿಸುತ್ತೇನೆ.

ಚಿಕ್ಕಮ್ಮನನ್ನು ಕರೆತರಬೇಡಿ. ಅವರಿಗೆ ಇದು ಗೊತ್ತಿಲ್ಲ ಎಂದೇ ನಂಬಿಕೊಂಡಿದ್ದೇನೆ.

ಇಂತಿ,
ನಿಮ್ಮ ಅಣ್ಣನ ಮಗಳು