ನಬಾತ್‌ಳ ಮಗನ ತಾಯಿತದ ದಾರ

ತಖಿಯ್ಯಕ್ಕಾ,

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ, ಆರೈಕೆ ಕೇಂದ್ರದಲ್ಲಿ ಮಕ್ಕಳ ತೋಳಿಗೆ ಅಳತೆಪಟ್ಟಿ ಸುತ್ತುವ ಕೆಲಸ ನನ್ನ ಪಾಲಿಗೆ ಬಂತು. ಯುದ್ಧ ನಿಂತಿಲ್ಲ, ಯೆಮನ್‌ಗೆ ಬರುತ್ತಿದ್ದ ಹೊರದೇಶದ ನೆರವು ಮಾತ್ರ ನಿಂತಿದೆ. ಈಗ ತೀರಾ ಸೊರಗಿ, ಪಟ್ಟಿ ಕೆಂಪಿಗೆ ಇಳಿದ ಮಕ್ಕಳಿಗಷ್ಟೇ ಕಡಲೆಕಾಯಿ ಪೇಸ್ಟಿನ ಪೊಟ್ಟಣ. ಇನ್ನೂ ಅಷ್ಟು ಸೊರಗದ, ಪಟ್ಟಿ ಹಳದಿಯಲ್ಲಿ ನಿಂತವರನ್ನು ಬರಿಗೈಯಲ್ಲಿ ಕಳಿಸುತ್ತೇನೆ.

ಇವತ್ತು ನಿನ್ನ ಪಕ್ಕದ ಮನೆಯ ನಬಾತ್ ಮಗನನ್ನು ಎತ್ತಿಕೊಂಡು ಮತ್ತೆ ಬಂದಳು. ಹೋದ ವಾರ ಹಳದಿಯಿದ್ದವನು ಇವತ್ತು ಕೆಂಪು. ಆದರೆ ಅವನ ತೋಳಿನಲ್ಲಿ ಯಾವಾಗಲೂ ಇರುತ್ತಿದ್ದ ತಾಯಿತ ಇವತ್ತು ಇರಲಿಲ್ಲ. ಪಟ್ಟಿಯ ಕೆಳಗೆ ದಾರ ಕೊರೆದ ಗುಳಿಯಿತ್ತು.

"ತಾಯಿತಾನ ಇಷ್ಟು ಬಿಗಿಯಾಗಿ ಯಾರಾದ್ರೂ ಕಟ್ತಾರೇನೇ?"

"ತೋಳು ಸಣ್ಣ ಆಗ್ಲಿ ಅಂತ ಕಟ್ಟಿದೆ ಕಣೇ. ನಿಮಗೆ ಬೇಕಾಗಿರೋದು ಅದೇ ತಾನೇ?"

ಗುಳಿ ಬಿಟ್ಟು ಸ್ವಲ್ಪ ಮೇಲೆ ಮತ್ತೆ ಅಳೆದೆ. ನೀನು ನನ್ನ ಕೈಗೆ ಹೊಡೆದು ಕಲಿಸಿದ ಹಾಗೆಯೇ ಅಳೆದೆ, ಅಕ್ಕಾ. ಹಳದಿ. ನೀನಾಗಿದ್ದರೆ ಇವತ್ತು ಎಲ್ಲಿ ಅಳೆಯುತ್ತಿದ್ದೆಯೋ.

"ಮುಂದಿನ ವಾರ ಬಾ," ಎಂದೆ.

ನಬಾತ್ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಮಗನನ್ನು ಹೆಗಲಿಗೆ ಹಾಕಿಕೊಂಡು, ಸಮಾಧಾನವಾಗಿಯೇ ಹೇಳಿದಳು:

"ಬರ್ತೀನಿ. ಆಗ ದಾರ ಬೇಕಾಗಲ್ಲ ಬಿಡು."